ಲಕ್ಷ್ಮವ್ವನ ಸಾಕ್ಷಿ

"ಈಗ ಲಕ್ಷ್ಮವ್ವ ತಾಯಿಯವರು ಸಾಕ್ಷಿ ಹೇಳ್ತಾರೆ," ಎಂದು ಪಾಸ್ಟರ್ ಶರಣಬಸಪ್ಪ ಮೈಕು ಚಾಚಿದಾಗ ಲಕ್ಷ್ಮವ್ವ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದವಳು, "ಈ ಸಲ ನನಗ ಗಂಟಲು ಕಟ್ಟ್ಯದ್ರಿ," ಎಂದಷ್ಟೇ ಹೇಳಿ ಮೈಕನ್ನು ವಾಪಸು ಕೊಟ್ಟು ಕುಳಿತುಬಿಟ್ಟಳು.

ಹಾಲ್‌ನಲ್ಲಿದ್ದವರೆಲ್ಲ ಅವಳತ್ತ ತಿರುಗಿ ನೋಡಿದರು. ಮುಂಬಯಿಯ ಜೋಗೇಶ್ವರಿ ಪೂರ್ವದ ಶಾಲೆಯೊಂದರಲ್ಲಿ ಭಾನುವಾರ ಸೇರುವ ಆ ಕನ್ನಡ ಕ್ರೈಸ್ತ ಸಭೆಯಲ್ಲಿ ಅರವತ್ತು ಎಪ್ಪತ್ತು ಜನ. ಹೆಚ್ಚಿನವರು ಯಾದಗಿರಿ, ಬೀದರ್ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಜುಲೈ ಮೊದಲ ಭಾನುವಾರ ಲಕ್ಷ್ಮವ್ವನ ಸಾಕ್ಷಿ ಕೇಳದೆ ಅವರಿಗೆ ಮಳೆಗಾಲ ಬಂದಂತೆಯೇ ಅನ್ನಿಸುತ್ತಿರಲಿಲ್ಲ. ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳುವ ಆ ಸಾಕ್ಷಿ ಇಪ್ಪತ್ತಮೂರು ವರ್ಷದಿಂದ ಒಂದೇ. ಮೂರು ವರ್ಷದ ಮಗಳು ಶಿವಕುಮಾರಿಗೆ ಮೆದುಳುಜ್ವರ ಬಂದದ್ದು, ಆಸ್ಪತ್ರೆಯಲ್ಲಿ ಐದು ದಿನ ಮಗು ಕಣ್ಣು ತೆರೆಯದೆ ಇದ್ದದ್ದು, ಡಾಕ್ಟರು ತಲೆ ಅಲ್ಲಾಡಿಸಿದ್ದು. ಆಗ ಲಕ್ಷ್ಮವ್ವ ವಾರ್ಡಿನ ನೆಲಕ್ಕೆ ಹಣೆ ಹಚ್ಚಿ, "ಕರ್ತನೇ, ಇಕಿನ್ನ ಉಳಿಸು. ಉಳಿಸಿದ್ರ ನಿನ್ನ ಸೇವಾಕ್ಕ ಕೊಟ್ಟುಬಿಡ್ತೀನಿ," ಎಂದು ಹರಕೆ ಹೊತ್ತದ್ದು, ಹೊತ್ತ ಗಳಿಗೆಗೇ ಜ್ವರ ಇಳಿದದ್ದು. "ಕೊಟ್ಟುಬಿಡ್ತೀನಿ" ಎನ್ನುವಲ್ಲಿ ಅವಳ ದನಿ ಒಡೆಯುತ್ತಿತ್ತು. ಹಿಂದಿನ ಬೆಂಚಿನ ಮಕ್ಕಳು ಆ ಜಾಗ ಬರುವುದನ್ನೇ ಕಾದು, ಅವಳ ಜೊತೆಗೆ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ಶಿವಕುಮಾರಿಗೆ ಅವರು "ದೇವರ ಪಾರ್ಸೆಲ್" ಎಂದು ಹೆಸರಿಟ್ಟಿದ್ದರು.

ಈ ಸಲ ಸಾಕ್ಷಿ ನಿಂತುಹೋಗಲು ಕಾರಣ ಆ ಪಾರ್ಸೆಲ್ಲೇ.

ಮೂರು ವಾರದ ಹಿಂದೆ, ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದ ಶಿವಕುಮಾರಿ ಹೆಗಲಿನ ಬ್ಯಾಗ್ ಇಳಿಸದೆ, "ಮಮ್ಮಿ, ಪಪ್ಪಾ, ಇಬ್ರೂ ಜರಾ ಬೈಠೋ," ಎಂದಿದ್ದಳು. ವಿಲೆ ಪಾರ್ಲೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ಅಜ್ಜಿ ಇಟ್ಟ ಹೆಸರು ಅವಳದು. ದೀಕ್ಷಾಸ್ನಾನದ ದಿನ ಆಗಿನ ಪಾಸ್ಟರು ಹೆಸರು ಬದಲಿಸೋಣವೇ ಎಂದು ಕೇಳಿದಾಗ ತಂದೆ ಖಂಡಪ್ಪ, "ಕರೆದ್ರ ಹೊಳ್ಳಿ ನೋಡ್ತಾಳಲ್ರಿ, ಸಾಕು ಬಿಡ್ರಿ," ಎಂದಿದ್ದ.

"ಛತ್ತೀಸಗಡದಲ್ಲಿ ಒಂದು ಮಿಶನ್ ಹಾಸ್ಪಿಟಲ್ ಇದೆ. ಹೋದ ವರ್ಷ ಒಂದು ತಿಂಗಳು ಕ್ಯಾಂಪಿಗೆ ಹೋಗಿದ್ದೆ ನಾ, ವಹೀ. ಅವರು ನನಗೆ ಬುಲಾಯಾ ಹೈ. ಕೆಲಸಕ್ಕೆ."

ಅವಳ ಕನ್ನಡ ಹೀಗೇ. ಅರ್ಧ ದಾರಿ ನಡೆದು ಉಳಿದರ್ಧಕ್ಕೆ ಹಿಂದಿಯ ಗಾಡಿ ಹತ್ತುತ್ತಿತ್ತು.

"ಎಷ್ಟು ದಿನ?" ಎಂದು ಲಕ್ಷ್ಮವ್ವ ಕೇಳಿದಳು.

"ಮೂರು ವರ್ಷ ಅಂತ ಬರೆದಿದ್ದಾರೆ. ಲೇಕಿನ್ ಮಮ್ಮಿ, ನಾನು ಝೂಠ್ ಹೇಳಲ್ಲ. ಅಲ್ಲೇ ಇರಬೇಕು ಅಂತ ನನ್ನ ಮನಸ್ಸು."

ಒಂದು ಹಗಲು ಒಂದು ರಾತ್ರಿಯ ರೈಲು, ಆಮೇಲೆ ಏಳು ಗಂಟೆಯ ಬಸ್ಸು. ಕಾಡಿನ ಅಂಚು. ಮೊಬೈಲ್ ಸಿಗಬೇಕಾದರೆ ಆಸ್ಪತ್ರೆಯ ತಾರಸಿ ಹತ್ತಬೇಕು. ಎಲ್ಲ ಕೇಳಿದ ಮೇಲೆ ಲಕ್ಷ್ಮವ್ವನ ಬಾಯಿಂದ ಹೊರಟದ್ದು ಒಂದೇ ಮಾತು.

"ಅಲ್ಲಿ ರೊಟ್ಟಿ ಸಿಗ್ತದೇನು?"

"ಚಾವಲ್ ಸಿಗ್ತದೆ, ಮಮ್ಮಿ."

ಶಿವಕುಮಾರಿ ಒಂದು ಕಾಗದ ತೆಗೆದಳು. ಮನೆಯವರ ಒಪ್ಪಿಗೆಗೆಂದು ಕೊನೆಯಲ್ಲಿ ಒಂದು ಗೆರೆ ಖಾಲಿ ಬಿಟ್ಟಿದ್ದರು. "ನೀನು ಸೈನ್ ಮಾಡಿದ್ರೆ ಹೋಗ್ತೀನಿ. ನಿನಗೆ ರುಲಾಕೆ, ಅಳಿಸಿ ನಾನು ಹೋಗಲ್ಲ," ಎಂದು ಅದನ್ನು ಅಡುಗೆಕಟ್ಟೆಯ ಡಬ್ಬಿಗಳ ಸಾಲಿನ ಪಕ್ಕದಲ್ಲಿಟ್ಟು ಮಲಗಲು ಹೋದಳು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಜಗಳ ಆಡಿದ್ದರೆ ಲಕ್ಷ್ಮವ್ವನಿಗೆ ಸುಲಭವಾಗುತ್ತಿತ್ತು. ಜಗಳದಲ್ಲಿ ಅವಳನ್ನು ಗೆದ್ದವರು ಆ ಚಾಳ್‌ನಲ್ಲಿ ಯಾರೂ ಇರಲಿಲ್ಲ.

ಹರಕೆಯ ವಿಷಯವನ್ನೂ ಮಗಳು ಎತ್ತಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ "ಪ್ಲೀಸ್ ಮಮ್ಮಿ, ಈ ವರ್ಷ ಹೇಳಬೇಡ," ಎಂದು ಅತ್ತವಳು ಅವಳು. ಆದರೆ ಲಕ್ಷ್ಮವ್ವನ ತಲೆಯಲ್ಲಿ ಬೇರೇನೂ ಓಡುತ್ತಿರಲಿಲ್ಲ. ಕೊಟ್ಟೆ ಕೊಟ್ಟೆ ಎಂದು ಇಷ್ಟು ವರ್ಷ ಮೈಕಿನಲ್ಲಿ ಹೇಳಿದವಳಿಗೆ, ಒಂದು ದಿನ ದೇವರು ನಿಜಕ್ಕೂ ಕೈ ಚಾಚಿಯಾನು ಎಂದು ಹೊಳೆದೇ ಇರಲಿಲ್ಲ. ಸೇವೆ ಎಂದರೆ ಮಗಳು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವುದು, ಹಾಡುವ ಹುಡುಗರಲ್ಲಿ ಒಬ್ಬನನ್ನು ಮದುವೆಯಾಗಿ ಎರಡು ಗಲ್ಲಿಯಾಚೆ ಮನೆ ಮಾಡುವುದು ಎಂದೇ ಅವಳು ತಿಳಿದಿದ್ದಳು.

ಸಾಕ್ಷಿ ಹೇಳದೆ ಕುಳಿತ ಭಾನುವಾರದ ಮರುದಿನ ಅವಳು ಕೆಲಸಕ್ಕೆ ಹೋದಳು. ಹದಿನಾಲ್ಕು ವರ್ಷದಿಂದ ಅವಳು ವಿಲೆ ಪಾರ್ಲೆಯಲ್ಲಿ ಉಡುಪಿ ಕಡೆಯ ಸುಕೇಶನ ಹೋಟೆಲಿನಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಸುಕೇಶ ಅಡುಗೆಮನೆಗೆ ಬಂದು ಒಂದು ರೊಟ್ಟಿಯನ್ನು ಎತ್ತಿ ಹಿಡಿದ.

"ಎಂತ ಲಕ್ಷ್ಮಕ್ಕ, ಇವತ್ತು ಎಲ್ಲ ಭೂಪಟ ಮಾಡಿದ್ದೀರಿ? ಕಾಲೇಜು ಮಕ್ಕಳು ತಿನ್ನುದಾ, ಭೂಗೋಳ ಓದುದಾ?"

ಲಕ್ಷ್ಮವ್ವ ಅವನಿಗೆ ಎಲ್ಲ ಹೇಳಿದಳು. ಸುಕೇಶ ನಗು ನಿಲ್ಲಿಸಿ ಹಿಟ್ಟಿನ ಡಬ್ಬದ ಮೇಲೆ ಕುಳಿತ. ಹರಕೆ ಅವನಿಗೆ ತಮಾಷೆಯ ವಿಷಯವಲ್ಲ.

"ಹೇಳಿಕೊಂಡದ್ದು ತೀರಿಸದಿದ್ರೆ ನಮ್ಮಲ್ಲಿ ದೈವ ಬಿಡುದಿಲ್ಲ ಮಾರಾಯ್ತಿ. ಆದ್ರೆ ದಾರಿ ಉಂಟು. ನಾನು ಹುಟ್ಟಿದಾಗ ಅಮ್ಮ ನನ್ನ ತೂಕದ ಬೆಲ್ಲ ತುಲಾಭಾರ ಮಾಡಿಸ್ತೇನೆ ಅಂತ ಹೇಳಿಕೊಂಡಿದ್ರು. ಮರೆತೇ ಹೋಯ್ತು. ಅವರಿಗೆ ನೆನಪಾಗುವಾಗ ನಾನು ತೊಂಬತ್ತೆರಡು ಕಿಲೋ. ತಕ್ಕಡಿಯವ ನನ್ನನ್ನು ನೋಡಿ ಹೆದರಿದ." ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು ಮುಂದುವರಿಸಿದ. "ಆದ್ರೂ ಮಾಡಿದೆವು. ನೀವು ನಿಮ್ಮ ಪಾದ್ರಿಗಳ ಹತ್ರ ಕೇಳಿ. ಬದಲಿಗೆ ಬೇರೆ ಎಂತಾದ್ರೂ ಕೊಟ್ರೆ ಆಗ್ತದಾ ಅಂತ."

ಮಂಗಳವಾರ ಸಂಜೆ ಲಕ್ಷ್ಮವ್ವ ಟ್ರಂಕಿನ ತಳದಿಂದ ತನ್ನ ತಾಯಿಯ ಬೋರಮಾಳ ಸರ ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡು ಪಾಸ್ಟರ ಖೋಲಿಗೆ ಹೋದಳು. ಶರಣಬಸಪ್ಪ ಬಾಗಿಲ ಬಳಿ ಕುಳಿತು ಗಾಳಿಗೆ ತಿರುಗಿಬಿದ್ದ ಛತ್ರಿಯ ಕಡ್ಡಿಗೆ ತಂತಿ ಸುತ್ತುತ್ತಿದ್ದರು. ಅವಳು ಗಂಟನ್ನು ಬಿಚ್ಚಿ ಅವರ ಮುಂದಿಟ್ಟಳು. ಬಂಗಾರದ ಗುಂಡುಗಳು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೊಳೆದವು.

"ಇದೇನವ್ವ?"

"ಶಿವೂನ ಬದ್ಲಿ."

ಪಾಸ್ಟರ್ ತಂತಿ ಕೆಳಗಿಟ್ಟರು. ನಗಲಿಲ್ಲ. "ಇದನ್ನ ತಗೊಂಡು ಏನು ಮಾಡ್ಲಿ? ದೇವರು ನಿನ್ನ ಮಗಳನ್ನ ಅಡವು ಇಟ್ಕೊಂಡು ಕುಂತಾನ ಅಂತ ತಿಳಿದೀಯೇನು?"

"ನಾನೇ ಬಾಯಿಬಿಟ್ಟು ಹೇಳೀನಲ್ರಿ. ಹೇಳಿದ್ದು ನಡಸಬೇಕಲ್ರಿ. ವಿಧೇಯತಾ ಅಂತ ನೀವೇ ವಾರ ವಾರ ಹೇಳ್ತೀರಿ."

"ಅಂಜಿ ಕಳಸೋದಿದ್ರ ಕಳಸಬ್ಯಾಡ. ಅಂಜಿಕೀಲೆ ಕೊಟ್ಟದ್ದು ಅವಗ ಬೇಕಾಗಿಲ್ಲ."

ಲಕ್ಷ್ಮವ್ವನ ಮುಖ ಅರಳಿತು. "ಹಂಗಾದ್ರ ಕಳಸಬ್ಯಾಡ ಅಂತೀರಿ?"

"ಹಂಗೂ ಅನ್ನಲ್ಲ."

"ಹೂಂ ಅನ್ರಿ, ಇಲ್ಲ ಊಹೂಂ ಅನ್ರಿ. ನೀವು ಪಾಸ್ಟರ್ ಹೌದೋ ಅಲ್ಲೋ?"

ಒಳಗಿನಿಂದ ಪಾಸ್ಟರ ಹೆಂಡತಿ ಇಣುಕಿ ಮತ್ತೆ ಒಳಗೆ ಹೋದರು. ಶರಣಬಸಪ್ಪ ಛತ್ರಿಯ ಬಟ್ಟೆ ಸವರುತ್ತ, ತಗ್ಗಿದ ದನಿಯಲ್ಲಿ ಹೇಳಿದರು:

"ನಂದೂ ಒಂದು ತಪ್ಪದ. ನಾ ಈ ಸಭೆಗೆ ಬಂದು ಒಂಬತ್ತು ವರ್ಷ ಆಯ್ತು. ನಿನ್ನ ಸಾಕ್ಷಿ ಮ್ಯಾಲ ನಾಕು ಪ್ರಸಂಗ ಮಾಡೀನಿ. ಉಳಿಸಿದ್ರ ಕೊಡ್ತೀನಿ ಅಂದಿ, ಅವ ಉಳಿಸಿದ. ಕೇಳ್ಲಿಕ್ಕ ಚಂದ ಇತ್ತು, ಮಂದಿ ಅಳ್ತಿದ್ರು, ನಾನೂ ಅದನ್ನೇ ಹಿಡಕೊಂಡೆ. ಆದ್ರ ಕೃಪಾ ಅಂದ್ರ ಹಂಗಲ್ಲವ್ವ. ಅವ ಯಾಪಾರ ಮಾಡೋನಲ್ಲ. ಇದನ್ನ ನಿನಗ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ."

ಲಕ್ಷ್ಮವ್ವನಿಗೆ ಬೇಕಾಗಿದ್ದದ್ದು ಪಾಸ್ಟರ ತಪ್ಪೊಪ್ಪಿಗೆಯಲ್ಲ. ಸರವನ್ನು ಮತ್ತೆ ಕಟ್ಟಿಕೊಂಡು, ಚಹಾ ಕುಡಿದು ಹೋಗೆಂದು ಕರೆದರೂ ನಿಲ್ಲದೆ, ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದಳು.

ಬೊರಿವಲಿಯ ಬಿಲ್ಡಿಂಗೊಂದರಲ್ಲಿ ವಾಚ್‌ಮನ್ ಆಗಿದ್ದ ಖಂಡಪ್ಪನಿಗೆ ಅಂದು ವಾರದ ರಜೆ. ಮಗಳು ಪಾಳಿಗೆ ಹೊರಟುಹೋಗಿದ್ದಳು. ಅವನು ಚಾಪೆಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಮೆಂತ್ಯ ಸೋಸುತ್ತಿದ್ದ. ಲಕ್ಷ್ಮವ್ವ ತಲೆ ಒರೆಸಿಕೊಳ್ಳುತ್ತ ಪಾಸ್ಟರನ್ನು ಬೈದಳು, ಮಿಶನ್ನಿನವರನ್ನು ಬೈದಳು, ಜಗತ್ತಿನಲ್ಲಿ ಬೇರೆ ನರ್ಸುಗಳೇ ಇಲ್ಲವೇ ಎಂದಳು. ಕೊನೆಗೆ ತನ್ನನ್ನೇ ಬೈದುಕೊಂಡಳು.

"ಆವತ್ತು ನನ್ನ ಬಾಯಿಗೆ ಏನು ಬಡಿದಿತ್ತೋ. ಉಳಿಸಿದ್ರ ಕೊಡ್ತೀನಿ ಅಂತ ಅನ್ನಬಾರದಿತ್ತು. ಜ್ವರ ಇಳಿತದ ಅಂತ ಆಸೆಕ್ಕ ಅಂದೆ."

ಖಂಡಪ್ಪ ಒಂದು ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದ. ಮಾತಾಡುವ ಮೊದಲು ಕೈಯಲ್ಲಿದ್ದುದನ್ನು ಮುಗಿಸುವುದು ಅವನ ರೂಢಿ.

"ಜ್ವರ ಮೊದ್ಲೇ ಇಳಿದಿತ್ತಲ್ಲ," ಎಂದ.

"ಏನು?"

"ನೀ ಹಂಗ ಅನ್ನೋಕ್ಕಿಂತ ಮೊದ್ಲು. ಮುಂಜಾನಿ ನಾ ಚಾ ತಗೊಂಡು ಬಂದೆ. ಆ ಕೇರಳದ ಸಿಸ್ಟರ್ ಕೂಸಿನ ಕಂಕಳಾಗಿಂದ ಥರ್ಮಾಮೀಟರ್ ತೆಗೆದು, ಬುಖಾರ್ ಉತರ್ ಗಯಾ ಅಂದ್ಲು. ಕೂಸು ಕಣ್ಣು ತೆರೆದು ನೀರು ಕೇಳ್ತು. ಆವಾಗ ನೀ ಅದನ್ನ ಎತ್ತಿಕೊಂಡು ಕಿಡಕಿ ತನಕ ಓಡಿದಿ. ನಗ್ಲತ್ತಿದ್ದಿ, ಅಳ್ಲತ್ತಿದ್ದಿ. 'ನೋಡು, ಇಕಿ ನಿನ್ನಾಕಿ, ನಿನ್ನಾಕೀನೇ, ತಗೋ' ಅಂತ ಒದರಿದಿ. ವಾರ್ಡಿನ ಮಂದಿ ಎಲ್ಲಾ ಎದ್ದು ಕುಂತ್ರು."

ಲಕ್ಷ್ಮವ್ವ ಟವಲ್ಲನ್ನು ಕೆಳಗಿಳಿಸಿದಳು. "ಸುಳ್ಳು."

"ಮೊದಲನೇ ವರ್ಷ ನೀ ಹಂಗೇ ಹೇಳಿದ್ದಿ ಸಾಕ್ಷಿ. ಯಾರೂ ಅಷ್ಟು ಲಕ್ಷ್ಯ ಕೊಡ್ಲಿಲ್ಲ. ಅದೇ ವರ್ಷ ಸಭೆಯಾಗ ರಾಚವ್ವ ತನ್ನ ಹರಕಿ ಸಾಕ್ಷಿ ಹೇಳಿದ್ಲು ನೋಡು, ಗಂಡ ಕುಡಿಯೋದು ಬಿಟ್ರ ಉಪವಾಸ ಇರ್ತೀನಿ ಅಂದಿದ್ದು. ಮಂದಿ ಗಳಗಳ ಅತ್ರು. ಮುಂದಿನ ವರ್ಷದಿಂದ ನಿಂದೂ ಹಂಗೇ ಆಯ್ತು."

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ ನೀನು?"

ಖಂಡಪ್ಪ ಮುಂದಿನ ಕಡ್ಡಿ ಎತ್ತಿಕೊಂಡ. "ನೀ ಭಾಳ ಚಂದ ಹೇಳ್ತಿದ್ದಿ."

ಲಕ್ಷ್ಮವ್ವ ಅವನನ್ನು ಹೊಡೆಯಲು ಟವಲ್ ಎತ್ತಿದಳು. ಹೊಡೆಯದೆ ಹಾಗೇ ಗೋಡೆಗೆ ಒರಗಿ ಕುಳಿತಳು. ಕಿಟಕಿ ಎಂದಾಗ ಕಿಟಕಿ ನೆನಪಾಯಿತು. ಹಸಿರು ಬಣ್ಣ ಹಚ್ಚಿದ ಕಬ್ಬಿಣದ ಸರಳು, ಅದರಾಚೆ ಮಳೆ ನಿಂತ ಅಂಗಳದಲ್ಲಿ ಯಾರೋ ಬಕೆಟ್ಟು ತೊಳೆಯುತ್ತಿದ್ದದ್ದು. ಬೆವರಿ ತಣ್ಣಗಾದ ಮಗುವಿನ ಬೆನ್ನು. ಆಗ ಎದೆಯಲ್ಲಿ ತುಂಬಿ ಬಂದದ್ದನ್ನು ಹಿಡಿದಿಡಲಾರದೆ, ಕೈಯಲ್ಲಿದ್ದ ಅತ್ಯಂತ ಬೆಲೆಯುಳ್ಳದ್ದನ್ನೇ ಮೇಲೆತ್ತಿ ತೋರಿಸಿದ್ದಳು. ಅಂಜಿಕೆ ಎಲ್ಲಿತ್ತು ಅಲ್ಲಿ? ಸಂತೋಷ ಹೆಚ್ಚಾಗಿ ಕೊಟ್ಟದ್ದನ್ನು ಭಯದಿಂದ ಕೊಟ್ಟೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಳಲ್ಲ.

"ಅಂದ್ರ ಹರಕಿ ಇಲ್ಲ," ಎಂದಳು ಟವಲ್ಲನ್ನು ಮಡಚುತ್ತ. "ಕಳಸಬೇಕಂತಿಲ್ಲ."

"ಅದು ನನಗ ಗೊತ್ತಿಲ್ಲ," ಎಂದ ಖಂಡಪ್ಪ. "ಜ್ವರ ಯಾವಾಗ ಇಳಿತು ಅನ್ನೋದು ಗೊತ್ತು."

ಮುಂದಿನ ಎರಡು ದಿನ ಲಕ್ಷ್ಮವ್ವ ಎಂದಿನಂತೆ ಕೆಲಸಕ್ಕೆ ಹೋಗಿಬಂದಳು. ಸುಕೇಶ ರೊಟ್ಟಿಗಳನ್ನು ನೋಡಿದ, ದುಂಡಗಿದ್ದವು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕೌಂಟರಿಗೆ ಮರಳಿದ.

ಶುಕ್ರವಾರ ಬೆಳಿಗ್ಗೆ ಶಿವಕುಮಾರಿ ಪಾಳಿ ಮುಗಿಸಿ ಬಂದಾಗ ಅವಳಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೇ ಕುಳಿತಳು.

"ಅಲ್ಲಿ ಅಂಥಾದ್ದು ಏನದ? ಇಲ್ಲಿ ರೋಗಿಗಳಿಲ್ಲೇನು?"

ಶಿವಕುಮಾರಿ ತುತ್ತು ಕೈಯಲ್ಲೇ ಹಿಡಿದು ತಾಯಿಯನ್ನು ನೋಡಿದಳು. ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ ಅದು.

"ಇದ್ದಾರೆ. ಲೇಕಿನ್ ಇಲ್ಲಿ ನಾನು ಬಿಟ್ರೆ ನಾಳೆ ಇನ್ನೊಬ್ಳು ಬರ್ತಾಳೆ. ಅಲ್ಲಿ..." ಪದ ಹುಡುಕಿದಳು. "ಕ್ಯಾಂಪಲ್ಲಿ ಒಂದು ಲಡಕಿ ಬಂದಿದ್ಲು ಮಮ್ಮಿ. ಹತ್ತೊಂಬತ್ತು ವರ್ಷ. ಮಗೂಗೆ ಜ್ವರ. ಎರಡು ದಿನ ಪೈದಲ್ ನಡೆದಿದ್ಲು, ಬಾರಿಶ್‌ನಲ್ಲಿ. ಅವಳ ಭಾಷೆ ನಂಗೆ ಬರಲ್ಲ, ನನ್ನ ಹಿಂದಿ ಅವಳಿಗೆ ಬರಲ್ಲ. ನಾನು ರಾತ್ ಭರ್ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದೆ. ನನಗೆ ಏನೇನೋ ಬಾಯಿಗೆ ಬರ್ತಿತ್ತು. ನೋಡಿದ್ರೆ ನಾನು ಕನ್ನಡದಲ್ಲಿ ಪ್ರೇಯರ್ ಮಾಡ್ತಿದ್ದೆ. ನಿನ್ನ ಥರ. 'ಕರ್ತನೇ, ಇಕಿನ್ನ ಉಳಿಸು' ಅಂತ."

"ಉಳೀತೇನು ಕೂಸು?"

"ಇಲ್ಲ ಮಮ್ಮಿ." ಶಿವಕುಮಾರಿ ತಟ್ಟೆ ನೋಡುತ್ತ ಹೇಳಿದಳು. "ಒಂದು ದಿನ ಮೊದಲು ಬಂದಿದ್ರೆ ಉಳೀತಿತ್ತು. ರಸ್ತೆ ಇಲ್ಲ, ಊರೂರಿಗೆ ಹೋಗೋ ಸಿಸ್ಟರ್ ಇಲ್ಲ. ಆ ಲಡಕಿ ಹೋಗುವಾಗ ನನ್ನ ಕೈ ಹಿಡ್ಕೊಂಡು ಹಣೆಗೆ ಒತ್ತಿಕೊಂಡ್ಲು. ಥ್ಯಾಂಕ್ಸ್ ಹೇಳ್ತಿದ್ಲು. ಮಗು ಹೋಗಿದೆ, ಥ್ಯಾಂಕ್ಸ್ ಹೇಳ್ತಾಳೆ. ನಾನು ಮುಂಬಯಿಗೆ ವಾಪಸ್ ಬಂದೆ, ಲೇಕಿನ್..." ಎಂದು ನಿಲ್ಲಿಸಿ, ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದಿ ತಿನ್ನತೊಡಗಿದಳು.

ಲಕ್ಷ್ಮವ್ವ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಎದ್ದು ಡಬ್ಬಿಯ ಪಕ್ಕದ ಕಾಗದ ತಂದಳು. "ಪೆನ್ ಕೊಡು," ಎಂದಳು. ಗೆರೆ ಎಲ್ಲಿದೆಯೆಂದು ಮಗಳಿಂದ ತೋರಿಸಿಕೊಂಡು, ಸಭೆಯ ಹೆಂಗಸರ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೇ ಹೆಸರು ಬರೆದಳು. ಒತ್ತಕ್ಷರಗಳೆಲ್ಲ ಗೆರೆಯ ಕೆಳಗೆ ಇಳಿದುಬಿಟ್ಟವು.

"ಮಮ್ಮಿ, ಹರಕೆ ಅಂತ ಮಾಡಬೇಡ," ಎಂದಳು ಶಿವಕುಮಾರಿ. ಅವಳ ಕಣ್ಣು ತುಂಬಿತ್ತು. "ಅದಕ್ಕೆ ಅಂತ ಆದ್ರೆ ಫಾಡ್ ದೇತಿ ಹೂಂ. ಹರಿದು ಹಾಕ್ತೀನಿ."

"ಯಾವ ಹರಕಿ?" ಎಂದಳು ಲಕ್ಷ್ಮವ್ವ. "ಉಣ್ಣು, ಆರ್ತದ."

ಜುಲೈ ಕೊನೆಯ ಭಾನುವಾರ ಅವಳು ತಾನಾಗಿಯೇ ಕೈಯೆತ್ತಿ ಮೈಕು ಕೇಳಿದಳು. ಹಿಂದಿನ ಬೆಂಚಿನ ಮಕ್ಕಳು ತುಟಿ ಸಿದ್ಧಮಾಡಿಕೊಂಡರು. ಆದರೆ ಈ ಸಲ ಅವಳು ಹೇಳಿದ್ದು ಎರಡು ನಿಮಿಷವೂ ಆಗಲಿಲ್ಲ. "ಇಷ್ಟು ವರ್ಷ ನಾ ಹಿಂದು ಮುಂದು ಮಾಡಿ ಹೇಳೀನ್ರಿ. ನಾ ಕೇಳೋಕ್ಕಿಂತ ಮೊದ್ಲೇ ಅವ ಕೊಟ್ಟುಬಿಟ್ಟಿದ್ದ. ಕೂಸು ಕಣ್ಣು ತೆರೆದಿತ್ತು. ಆಮ್ಯಾಗ ನಾ ಇಕಿ ನಿನ್ನಾಕಿ ಅಂದೆ. ಅಷ್ಟೇ ಆಗಿದ್ದು."

ಹೆಂಗಸರ ಸಂಘದ ಹಿರಿಯಳಾದ ರಾಚವ್ವನಿಗೆ ಇದು ಸರಿಬರಲಿಲ್ಲ. ಕುಳಿತಲ್ಲಿಂದಲೇ, "ಹಂಗಾದ್ರ ಹರಕಿ ಎಲ್ಲಿ ಹೋಯ್ತು ಲಕ್ಷ್ಮವ್ವ?" ಎಂದು ಕೂಗಿದಳು.

"ಹರಕಿ ಇರ್ಲಿಲ್ಲಕ್ಕ. ಖುಷಿ ಇತ್ತು."

ಯಾರೂ ಅಳಲಿಲ್ಲ. ಪಾಸ್ಟರ್ ಶರಣಬಸಪ್ಪ ಮೈಕು ತೆಗೆದುಕೊಂಡರು. ಅಂದು ಅವರು ಬರೆದುಕೊಂಡು ಬಂದಿದ್ದ ಪ್ರಸಂಗವನ್ನು ಮಾಡಲಿಲ್ಲ. ಶಿವಕುಮಾರಿಯನ್ನು ಮುಂದೆ ಕರೆದು ಮಂಡಿಯೂರಿಸಿದರು. ಸಭೆಯವರೆಲ್ಲ ಸುತ್ತ ಸೇರಿ ಅವಳ ತಲೆ, ಹೆಗಲು, ಸಿಕ್ಕಲ್ಲಿ ಕೈಯಿಟ್ಟರು. ರಾಚವ್ವ ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥಿಸಿದಳು.

ಆಗಸ್ಟಿನ ಒಂದು ಬುಧವಾರ ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಲ್ಲಿ ಗಾಡಿ ಹೊರಡಲು ಹತ್ತು ನಿಮಿಷವಿತ್ತು. ಶಿವಕುಮಾರಿಗೆ ಸ್ಲೀಪರ್ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಖಂಡಪ್ಪ ಸೂಟ್‌ಕೇಸನ್ನು ಸೀಟಿನಡಿ ತಳ್ಳಿ, ಸರಪಳಿ ಹಾಕಿ, ಬೀಗವನ್ನು ಮೂರು ಸಲ ಎಳೆದು ನೋಡಿ ಇಳಿದ. ಸುಕೇಶ ಕಳುಹಿಸಿದ್ದ ಚಕ್ಕುಲಿಯ ಡಬ್ಬಿಯೊಂದು ಎಲ್ಲೂ ಹಿಡಿಸದೆ ಸೀಟಿನ ಮೇಲೆಯೇ ಇತ್ತು. ಲಕ್ಷ್ಮವ್ವ ಕಿಟಕಿಯ ಸರಳು ಹಿಡಿದುಕೊಂಡು, ನೀರು ಕಾಯಿಸಿ ಕುಡಿಯಬೇಕು, ಕತ್ತಲಲ್ಲಿ ಬ್ಯಾಟರಿಯಿಲ್ಲದೆ ಹೊರಗೆ ಹೋಗಬಾರದು, ವಾರಕ್ಕೆರಡು ಸಲ ತಾರಸಿ ಹತ್ತಬೇಕು ಎಂದು ಹೇಳುತ್ತಿದ್ದಳು. ಮಗಳು "ಹಾಂ ಮಮ್ಮಿ, ಹಾಂ," ಎನ್ನುತ್ತಿದ್ದಳು.

ಅಷ್ಟರಲ್ಲಿ ಎದುರಿನ ಸೀಟಿಗೆ ಒಬ್ಬ ಮುದುಕಿ ಬಂದಳು. ಒಬ್ಬಳೇ ಇದ್ದಳು. ಊದಿದ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡು ನೆಲದಲ್ಲಿ ಎಳೆಯುತ್ತಿತ್ತು. ಕೂರಲು ನೋಡಿ, ಕಾಲು ಮಡಿಸಲಾರದೆ, ಮೇಲಿನ ಬರ್ತಿನ ಸರಪಳಿ ಹಿಡಿದು ನಿಂತೇ ಇದ್ದಳು. ಶಿವಕುಮಾರಿ ಎದ್ದು ಅವಳ ತೋಳು ಹಿಡಿದು ಕೂರಿಸಿದಳು. ಕೆಳಗೆ ಕುಳಿತು ಆ ಕಾಲನ್ನು ತನ್ನ ಮಂಡಿಯ ಮೇಲೆ ಎತ್ತಿಟ್ಟುಕೊಂಡು, ಏನೋ ಕೇಳುತ್ತ ಬಟ್ಟೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದಳು.

ಗಾಡಿ ಸಣ್ಣಗೆ ಅಲುಗಿ ಹೊರಟಿತು. ಖಂಡಪ್ಪ, "ಶಿವೂ!" ಎಂದು ಕೂಗಲು ಬಾಯಿ ತೆರೆದ. ಲಕ್ಷ್ಮವ್ವ ಅವನ ತೋಳಿನ ಮೇಲೆ ಕೈಯಿಟ್ಟಳು. ಅವನು ಬಾಯಿ ಮುಚ್ಚಿದ. ಇಬ್ಬರೂ ಕಿಟಕಿಯ ಜೊತೆ ಜೊತೆಗೇ ನಾಲ್ಕು ಹೆಜ್ಜೆ ನಡೆದರು. ಸರಳುಗಳ ಆಚೆ ಮಗಳ ಬಗ್ಗಿದ ಬೆನ್ನು, ಅದರ ಮೇಲೆ ಬಿದ್ದಿದ್ದ ಜಡೆ, ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಗಿಯುತ್ತಿದ್ದ ಕೈ ಕಾಣುತ್ತಿತ್ತು. ಮುದುಕಿ ಮಾತ್ರ ತಲೆಯೆತ್ತಿ ಅವರನ್ನು ನೋಡಿ, ಯಾರೆಂದು ತಿಳಿಯದೆಯೂ ಕೈ ಬೀಸಿದಳು.